ಗಾಡಿ ತೊಳೆದವನ ಹೊಣೆ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡೆಂದು ನಮ್ಮ ಅಧ್ಯಾಪಕರು ಕೇಳಿದಾಗ, ಕಾವ್ಯದ ಮೇಲೋ ಇತಿಹಾಸದ ಮೇಲೋ ಬರೆಯುವಷ್ಟು ಓದು ನನ್ನದಲ್ಲವೆಂದು ಸುಮ್ಮನಿದ್ದೆನು. "ನಿನಗೆ ಗೊತ್ತಿರುವುದನ್ನೇ ಬರೆಯಪ್ಪ" ಎಂದರು. ನನಗೆ ಗೊತ್ತಿರುವುದು ತೊಳೆಯುವ ಕೆಲಸ. ನಮ್ಮ ತಾತ ಊರ ಕೆರೆಯ ಕಲ್ಲಿನ ಮೇಲೆ ಬಟ್ಟೆ ಒಗೆದವರು, ತಂದೆಯವರು ಇಂದಿಗೂ ಇಸ್ತ್ರಿಯ ತಳ್ಳುಗಾಡಿ ನಡೆಸುತ್ತಾರೆ, ನಾನು ಬಿ.ಎ. ಓದುತ್ತ, ಭಾನುವಾರ ಮತ್ತು ರಜಾದಿನಗಳಲ್ಲಿ ಹೆದ್ದಾರಿಯ ಬದಿಯ ಒಂದು ವಾಟರ್ ಸರ್ವಿಸಿನಲ್ಲಿ ಕಾರು ತೊಳೆಯುತ್ತೇನೆ. ಆದುದರಿಂದ, ತೊಳೆಯಲು ಬಿಟ್ಟ ಗಾಡಿಗೆ ಹಾನಿಯಾಯಿತೆಂದು ಗಿರಾಕಿ ದೂರಿದಾಗ ಹೊಣೆ ಯಾರದು, ಅದನ್ನು ನಿರ್ಣಯಿಸುವುದು ಹೇಗೆ ಎಂಬುದನ್ನೇ ಇಲ್ಲಿ ವಿಚಾರಮಾಡಿದ್ದೇನೆ. ವಾಚಕರು ಇದನ್ನು ಹಗುರವಾದ ವಿಷಯವೆಂದು ಎಣಿಸಬಾರದಾಗಿ ಕೋರುತ್ತೇನೆ.

ಕಳೆದ ಆಯುಧಪೂಜೆಯ ಹಿಂದಿನ ದಿನ. ಅಂದು ನಮ್ಮಲ್ಲಿ ಬೆಳಗಿನ ಐದಕ್ಕೇ ಸಾಲು ನಿಲ್ಲುತ್ತದೆ, ಉಣ್ಣಲೂ ಪುರಸೊತ್ತಿರುವುದಿಲ್ಲ. ಸಂಜೆ ಒಬ್ಬರು ತಮ್ಮ ಬಿಳಿಯ ಕಾರನ್ನು ತೊಳೆಸಿಕೊಂಡು ಹೋಗಿ, ಒಂದು ಗಂಟೆಯ ತರುವಾಯ ಹಿಂದಿರುಗಿ ಬಂದರು. ಹಿಂಬಾಗಿಲಿನ ಮೇಲೆ ಗೇಣುದ್ದದ ಗೀರು. "ನಿಮ್ಮ ಹುಡುಗರು ಮಾಡಿದ್ದು" ಎಂದು ಕೂಗಾಡಿದರು. ಹಿಂದೆ ಸಾಲಿನಲ್ಲಿದ್ದವರು ಹಾರನ್ ಹೊಡೆಯುತ್ತಿದ್ದರು. ನಮ್ಮ ಮಾಲೀಕರು ಮೊದಲು ಜಗಳವಾಡಿ, ಕಡೆಗೆ 2,000 ರೂಪಾಯಿ ಎಣಿಸಿಕೊಟ್ಟು, ಅಷ್ಟನ್ನೂ ಆ ಕಾರು ತೊಳೆದ ಹುಡುಗನ ಸಂಬಳದಲ್ಲಿ ಹಿಡಿದರು. ಅವನು ನನಗಿಂತ ಕಿರಿಯನು. ಏಳನೆಯ ತರಗತಿಗೇ ಶಾಲೆ ಬಿಟ್ಟವನು. ತಲೆ ತಗ್ಗಿಸಿ ನಿಂತಿದ್ದನು. ಆ ಗೀರಿನೊಳಗೆ ಕಂದುಬಣ್ಣದ ತುಕ್ಕು ಹಿಡಿದಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಬಾಯಿ ತೆರೆಯಲಿಲ್ಲ.

ಈ ಗೀರುಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗಾಡಿ ಬರುವಾಗ ಅದರ ಮೈಮೇಲೆ ಧೂಳು ಮುಸುಕಿರುವುದರಿಂದ ಹಳೆಯ ಗೀರು ಕಾಣಿಸದು. ತೊಳೆದ ಮೇಲೆ ಹೊಳಪಿನ ನಡುವೆ ಅದೇ ಎದ್ದು ಕಾಣುತ್ತದೆ. ಗಾಡಿಯವರಿಗೆ ಅದು ಆಗತಾನೆ ಆದುದೆಂದು ತೋರುವುದು ಸಹಜ. ಅವರೆಲ್ಲ ಸುಳ್ಳು ಹೇಳುವವರೆಂದು ತಿಳಿಯುವುದು ತಪ್ಪು. ಹಾಗೆಂದು ನಾವು ನಿರಪರಾಧಿಗಳೂ ಅಲ್ಲ. ನೀರು ಬಿಟ್ಟು ಮಣ್ಣು ಇಳಿಸುವ ಮೊದಲೇ ಬಟ್ಟೆಯಲ್ಲಿ ಉಜ್ಜಿದರೆ, ಅಥವಾ ನೆಲಕ್ಕೆ ಬಿದ್ದ ಬಟ್ಟೆಯನ್ನು ಜಾಲಿಸದೆ ಹಾಗೆಯೇ ಎತ್ತಿಕೊಂಡರೆ, ಅದರಲ್ಲಿ ಸಿಕ್ಕ ಮರಳು ಬಣ್ಣವನ್ನು ಕೆರೆಯುತ್ತದೆ. ಆದರೆ ಹಾಗೆ ಆದ ಗೀರು ಒಂಟಿಯಾಗಿರುವುದಿಲ್ಲ. ಕೈ ಆಡಿದ ದಾರಿಯಲ್ಲಿ, ಕೂದಲೆಳೆಯಂತೆ, ಸುತ್ತುಸುತ್ತಾಗಿ ಹಲವು ಗೀರುಗಳಿರುತ್ತವೆ. ಲೋಹದವರೆಗೆ ಇಳಿದ ಒಂದೇ ಆಳವಾದ ಗೆರೆಯಾದರೆ, ಅದು ಮುಳ್ಳುಬೇಲಿಯದೋ, ಬೀಗದ ಕೈಯದೋ, ಪಕ್ಕದಲ್ಲಿ ನಿಲ್ಲಿಸಿದ ಬೈಕಿನದೋ ಆಗಿರುವ ಸಂಭವವೇ ಹೆಚ್ಚು. ಉಕ್ಕಿನ ಬಾಗಿಲಿನ ಮೇಲೆ ಹೊಸ ಗೀರಾದರೆ ಲೋಹ ಬೆಳ್ಳಗೆ ಮಿನುಗುತ್ತದೆ. ತುಕ್ಕು ಒಂದು ಗಂಟೆಯಲ್ಲಿ ಅಷ್ಟು ಕಂದಾಗಿ ಹಿಡಿಯುವುದಿಲ್ಲ. ಬಂಪರು ಪ್ಲಾಸ್ಟಿಕ್ಕಿನದಾದುದರಿಂದ ಅಲ್ಲಿ ಈ ಪರೀಕ್ಷೆ ನಡೆಯದು.

ರಭಸದ ನೀರಿನ ಪೈಪನ್ನು ತೀರ ಸಮೀಪ ಹಿಡಿದರೆ ಬಣ್ಣದ ಚಕ್ಕೆಗಳೇ ಏಳುವುದುಂಟು. ಇದು ಬಹುಮಟ್ಟಿಗೆ ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ ಭಾಗಗಳಲ್ಲಿ ಆಗುತ್ತದೆ. ಇಂಜಿನ್ನಿನ ಕಡೆ ನೀರು ಹೊಡೆದು ವೈರುಗಳ ಕೂಡುಗಳಲ್ಲಿ ತೇವ ಸೇರಿದರೆ ಗಾಡಿ ಚಾಲೂ ಆಗದೆಯೂ ಹೋಗಬಹುದು. ಕನ್ನಡಿ, ಏರಿಯಲ್ಲು ಮುರಿದರೆ ಅದರಲ್ಲಿ ವಾದಕ್ಕೆ ಎಡೆಯೇ ಇಲ್ಲ.

ಆ ರಾತ್ರಿ ನಿದ್ರೆ ಬಾರದೆ, ಹಬ್ಬ ಕಳೆದ ಮೇಲೆ ಕಾಲೇಜಿನ ಪುಸ್ತಕಭಂಡಾರದಲ್ಲಿ ಹುಡುಕಿದೆನು. 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ಒಂದು ಉದ್ದೇಶಕ್ಕಾಗಿ ವಸ್ತುವನ್ನು ಮತ್ತೊಬ್ಬರಿಗೆ ಒಪ್ಪಿಸಿ, ಉದ್ದೇಶ ತೀರಿದ ಮೇಲೆ ಹಿಂದಕ್ಕೆ ಪಡೆಯುವ ಕರಾರಿಗೆ ನಿಕ್ಷೇಪವೆಂದು ಹೆಸರು. ಇದು 148ನೆಯ ಕಲಮು. ಕಾರು ತೊಳೆಯಲು ಬಿಟ್ಟುಹೋಗುವುದೂ ಇದೇ. ಸಾಮಾನ್ಯ ವಿವೇಕವುಳ್ಳವನು ಅಂಥದೇ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನ ಮಾಡುವುದು ಪಡೆದವನ ಕರ್ತವ್ಯವೆಂದು 151ನೆಯದೂ, ಅಷ್ಟು ಮಾಡಿದ್ದರೆ, ಬೇರೆ ಕರಾರಿಲ್ಲದಿದ್ದಲ್ಲಿ, ನಷ್ಟಕ್ಕೆ ಆತ ಹೊಣೆಯಲ್ಲವೆಂದು 152ನೆಯದೂ ಹೇಳುತ್ತವೆ. ನನಗೆ ಬಹಳ ಹಿಡಿಸಿದ್ದು 150ನೆಯದು. ವಸ್ತುವಿನಲ್ಲಿ ತನಗೆ ತಿಳಿದ ದೋಷವಿದ್ದು, ಅದರಿಂದ ಪಡೆದವನಿಗೆ ಅಸಾಧಾರಣ ಅಪಾಯವಾಗುವಂತಿದ್ದರೆ, ಕೊಡುವವನು ಅದನ್ನು ಮೊದಲೇ ತಿಳಿಸಬೇಕು. ಗಾಜಿನ ಅಂಚಿನ ರಬ್ಬರು ಹರಿದಿದೆ, ಬಾಗಿಲಿನ ಬಣ್ಣ ಏಳುತ್ತಿದೆ ಎಂಬ ಮಾತನ್ನು ಗಾಡಿಯವರು ಹೇಳಿ ಹೋಗಲಿ ಎಂದು ನಾವು ಆಶಿಸುವುದಕ್ಕೆ ಇದರಲ್ಲಿ ಆಧಾರವಿದೆ.

"ಹಾನಿಗೆ ನಾವು ಹೊಣೆಯಲ್ಲ" ಎಂದು ಗೋಡೆಯ ಮೇಲೆ ಬರೆದಿದ್ದರೆ ಸಾಕೆಂದು ನಮ್ಮ ಮಾಲೀಕರ ನಂಬಿಕೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ನಿಲ್ಲಿಸಲು ಒಪ್ಪಿಸಿದ್ದ ಒಂದು ಮಾರುತಿ ಕಾರು ಕಳುವಾಯಿತು. ನಿಲುಗಡೆಯ ಚೀಟಿಯಲ್ಲಿ ಅಪಾಯವೆಲ್ಲ ಮಾಲೀಕರದೇ ಎಂದು ಅಚ್ಚಾಗಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2019ರಲ್ಲಿ ತೀರ್ಪಾಯಿತು: ತನ್ನ ಅಲಕ್ಷ್ಯವಿಲ್ಲವೆಂದು ತೋರಿಸುವ ಭಾರ ಹೋಟೆಲಿನದು, ಚೀಟಿಯ ಒಂದು ಸಾಲನ್ನು ಹಿಡಿದು ಅದರಿಂದ ನುಣುಚಿಕೊಳ್ಳಲಾಗದು. ನಮ್ಮ ಗೋಡೆಯ ಬರಹದ ಬೆಲೆಯೂ ಇದರಿಂದ ತಿಳಿಯುತ್ತದೆ. ಗಿರಾಕಿಗೆ ಸಮಾಧಾನವಾಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಇದನ್ನು ಇತಿಹಾಸದ ಅಧ್ಯಾಪಕರಿಗೆ ಹೇಳಿದಾಗ ಅವರು ನಕ್ಕು, ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆಗೆದುಕೊಟ್ಟರು. ಆ ಗ್ರಂಥದ ತಾಳೆಗರಿ ಪ್ರತಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಮಡಿವಾಳನು ಮರದ ಹಲಗೆಯ ಮೇಲೆ, ಇಲ್ಲವೆ ನುಣುಪಾದ ಕಲ್ಲಿನ ಮೇಲೆ ಒಗೆಯಬೇಕು. ಬೇರೆಡೆ ಒಗೆದು ಬಟ್ಟೆ ಹರಿದರೆ ನಷ್ಟವನ್ನು ಕೊಟ್ಟು 6 ಪಣ ದಂಡ ತೆರಬೇಕು. ಪರರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ 12 ಪಣ. ಓದುತ್ತ ನನಗೆ ತಾತನ ನೆನಪಾಯಿತು. ಹೊಸ ಕಲ್ಲು ಹಾಕಿದಾಗ ಅದರ ಮೇಲೆ ಅಂಗೈ ಆಡಿಸಿ, ಚುಚ್ಚಿದರೆ ಮರಳು ಹಾಕಿ ಉಜ್ಜುತ್ತಿದ್ದರು. ಪ್ರತಿ ಮನೆಯ ಬಟ್ಟೆಗೂ ಕರಿಗೇರಿನ ರಸದಲ್ಲಿ ಒಂದೊಂದು ಗುರುತು. ತೆಗೆದುಕೊಳ್ಳುವಾಗ ಬಾಗಿಲಲ್ಲೇ ಬಿಡಿಸಿ, "ತಾಯಿ, ಇಲ್ಲಿ ಹರಿದಿದೆ ನೋಡಿ" ಎಂದು ತೋರಿಸಿಯೇ ಗಂಟು ಕಟ್ಟುತ್ತಿದ್ದರು. ಅಕ್ಷರ ಬಾರದ ಅವರು ಬಾಗಿಲಲ್ಲಿ ಮಾಡುತ್ತಿದ್ದುದನ್ನು ನಾವು ಕೈಯಲ್ಲಿ ಫೋನಿಟ್ಟುಕೊಂಡೂ ಮಾಡುತ್ತಿರಲಿಲ್ಲ.

ಇನ್ನು ಹುಡುಗನ ಸಂಬಳ. ಕೆಲಸಗಾರನ ವಶಕ್ಕೆ ಒಪ್ಪಿಸಿದ ವಸ್ತು ಅವನದೇ ಅಲಕ್ಷ್ಯದಿಂದ ಹಾಳಾದರೆ ಮಾತ್ರ ಕೂಲಿಯಲ್ಲಿ ಹಿಡಿಯಬಹುದು, ಅದೂ ನಷ್ಟದ ಮೊತ್ತವನ್ನು ಮೀರದೆ, ಅವನ ಸಮಜಾಯಿಷಿ ಕೇಳಿದ ಮೇಲೆ ಎಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಉಳಿದಿದೆ. ನಮ್ಮ ಹುಡುಗನನ್ನು ಯಾರೂ ಏನೂ ಕೇಳಿರಲಿಲ್ಲ.

ಮುಂದಿನ ಭಾನುವಾರ ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಮಾಲೀಕರ ಬಳಿ ಹೋದೆ. ಗೀರಿನೊಳಗೆ ಕಂಡ ತುಕ್ಕಿನ ಮಾತನ್ನೂ ತಡವಾಗಿಯಾದರೂ ಹೇಳಿದೆ. "ಏನಯ್ಯಾ, ಬಿ.ಎ. ಓದಿ ವಕೀಲನಾಗಿಬಿಟ್ಟೆಯಾ? ಅವತ್ತೇ ಹೇಳೋಕೆ ಏನಾಗಿತ್ತು?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಈಗ ಗಾಡಿ ಒಳಕ್ಕೆ ಬರುತ್ತಲೇ ಬರಿಯ ನೀರು ಬಿಟ್ಟು ಧೂಳಿಳಿಸಿ, ಗಾಡಿಯವರನ್ನು ಕರೆದು, ಅವರೊಡನೆ ನಾಲ್ಕು ಬದಿಯನ್ನೂ ನೋಡಿ, ಫೋಟೋ ತೆಗೆದು, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತೇವೆ. ಒಂದು ಗಾಡಿಗೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆಂದು ಮಾಲೀಕರು ಗೊಣಗುತ್ತಾರೆ. ದೂರು ಬಂದರೆ ಕೂಗಾಡದೆ, ಒಪ್ಪಿಕೊಳ್ಳಲೂ ಆತುರಪಡದೆ, ಗಾಡಿಯವರೆದುರಿಗೇ ಫೋಟೋ ತೆಗೆದು ನೋಡುತ್ತೇವೆ. ಮೊನ್ನೆ ಒಂದು ಕನ್ನಡಿಯ ಮುರುಕು ನಮ್ಮದೇ ಎಂದು ಹಾಗೆಯೇ ತಿಳಿದು, ಮಾಲೀಕರೇ ಹೊಸದನ್ನು ಹಾಕಿಸಿಕೊಟ್ಟರು.

ಹುಡುಗನಿಗೆ ಸಂಕ್ರಾಂತಿಯ ಮುಂಚೆ 1,000 ರೂಪಾಯಿ ಹಿಂದಕ್ಕೆ ಬಂದಿದೆ. ಉಳಿದ 1,000 ರೂಪಾಯಿಯನ್ನು ಯುಗಾದಿಗೆ ಕೊಡುತ್ತೇನೆಂದಿದ್ದಾರೆ. ಪುಸ್ತಕದ ಕೊನೆಯ ಹಾಳೆಯಲ್ಲಿ ಅದನ್ನೂ ಬರೆದಿಟ್ಟಿದ್ದೇನೆ.