ಬಾಗಿಲಿನ ತೂತು ಮುಚ್ಚಿದ್ರೆ ಬೇಸ್ ಬರ್ತದ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರು ರಜೆಗೆ ಊರಿಗೆ ಹೋದಾಗ ಕಾಕಾನೋ ಮಾವನೋ ಈ ಪ್ರಶ್ನೆ ಕೇಳೇ ಕೇಳ್ತಾರೆ: "ಗಾಡಿಗೆ ಹೊಸಾ ಸ್ಪೀಕರ್ ಹಾಕ್ಸೇನಿ, ಆದ್ರ ಡೊಳ್ಳಿನ ಏಟು ಎದಿಗೆ ಬಡಿಯಂಗಿಲ್ಲ. ನೀ ಇಂಜಿನಿಯರಿಂಗ್ ಓದಾಂವ, ಏನರ ಹೇಳಪಾ." ಗಾಡಿ ಅಂದ್ರೆ ಹತ್ತು-ಹದಿನೈದು ವರ್ಷದ ಬೊಲೆರೊ ಪಿಕಪ್ ಅಥವಾ ಟಾಟಾ 207. ಬೆಳಗಿನ ಜಾವ ಕಾಯಿಪಲ್ಲೆ ಹೇರಿಕೊಂಡು ಸಂಕೇಶ್ವರ ಮಾರ್ಕೆಟ್ಟಿಗೆ ಹೋಗೋ ಗಾಡಿ. ಅದರಲ್ಲಿ ಡೊಳ್ಳಿನ ಪದ ಇಲ್ಲದೆ ದಾರಿ ಸಾಗಂಗಿಲ್ಲ.

ಅಂಗಡಿಗೆ ಹೋದ್ರೆ ಅಲ್ಲಿ ಒಂದೇ ಉತ್ತರ: ಆಂಪ್ಲಿಫೈಯರ್ ಹಾಕ್ಸ್ರಿ, ಸಬ್‌ವೂಫರ್ ಹಾಕ್ಸ್ರಿ. ಒಂದು ಸೀಸನ್ನಿನ ಬಾಡಿಗೆಯಲ್ಲಿ ಉಳಿಸಿದ ರೊಕ್ಕ ಅಲ್ಲೇ ಹೋಗ್ತದೆ. ಆದರೆ ಬಹಳ ಸಲ ದೋಷ ಸ್ಪೀಕರ್‌ನಲ್ಲೂ ಇಲ್ಲ, ಪವರ್‌ನಲ್ಲೂ ಇಲ್ಲ. ಅದು ಬಾಗಿಲಿನಲ್ಲಿದೆ.

ಮೊದಲು ಹಾಸ್ಟೆಲ್ ರೂಮಿನಲ್ಲೇ ಮಾಡಬಹುದಾದ ಒಂದು ಪ್ರಯೋಗ. ಬಿಡಿ ಸ್ಪೀಕರ್ ಒಂದನ್ನು ಕೈಯಲ್ಲಿ ಹಿಡಿದು ಹಾಡು ಹಚ್ಚಿ. ಬರೀ ಚಿರಿಚಿರಿ ಸದ್ದು ಕೇಳ್ತದೆ. ಈಗ ದೊಡ್ಡ ರಟ್ಟಿನ ಹಾಳೆಯಲ್ಲಿ ಸ್ಪೀಕರ್ ಅಳತೆಯ ತೂತು ಕೊರೆದು, ಅದರ ಹಿಂದೆ ಸ್ಪೀಕರ್ ಒತ್ತಿ ಹಿಡಿಯಿರಿ. ವಾಲ್ಯೂಮ್ ಮುಟ್ಟದೇ ಬೇಸ್ ಎದ್ದು ಬರ್ತದೆ.

ಕಾರಣ ಸರಳ. ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣಕ್ಕೆ ಹಿಂದಿನ ಗಾಳಿ ಸಡಿಲಾಗುತ್ತದೆ. ಎರಡರ ನಡುವೆ ಅಡ್ಡಗೋಡೆ ಇಲ್ಲದಿದ್ದರೆ ಮುಂದಿನ ಗಾಳಿ ಸುತ್ತಿ ಹಿಂದಕ್ಕೆ ಹೋಗಿ ಲೆಕ್ಕ ಚುಕ್ತಾ ಮಾಡಿಬಿಡ್ತದೆ. ಇದು ಧ್ವನಿಯ ಶಾರ್ಟ್ ಸರ್ಕ್ಯೂಟ್. 5000 ಹರ್ಟ್ಸ್‌ನ ತರಂಗಾಂತರ ಸುಮಾರು 7 ಸೆಂಟಿಮೀಟರ್, ಅದಕ್ಕೆ ಈ ಕಾಟ ಅಷ್ಟಿಲ್ಲ. 50 ಹರ್ಟ್ಸ್‌ನದು ಸುಮಾರು 7 ಮೀಟರ್, ಅಂದರೆ ಪಿಕಪ್‌ಗಿಂತಲೂ ಉದ್ದ. ಹಾಗಾಗಿ ಪೆಟ್ಟು ಬೀಳೋದು ಬೇಸ್‌ಗೆ ಮಾತ್ರ.

ಈಗ ಪಿಕಪ್‌ನ ಡೋರ್ ಪ್ಯಾಡ್ ಬಿಚ್ಚಿ ಒಳಗೆ ನೋಡಿ. ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳಿರ್ತಾವೆ. ಗ್ಲಾಸ್ ಎತ್ತೋ ಯಂತ್ರ, ಲಾಕ್ ಕೂರಿಸಲಿಕ್ಕೆ ಬಿಟ್ಟವು. ಅವುಗಳ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ಹಳೇ ಗಾಡಿಯಲ್ಲಿ ಅದೂ ಹರಿದಿರ್ತದೆ. ಸ್ಪೀಕರ್‌ನ ಹಿಂದಿನ ಗಾಳಿಗೆ ಇದು ತೆರೆದ ಕಿಟಕಿ.

ಇದರಿಂದ ಎಷ್ಟು ನಷ್ಟ? ಫಸ್ಟ್ ಇಯರ್ ಗಣಿತ ಸಾಕು. ಮುಂದಿನ ಮತ್ತು ಹಿಂದಿನ ತರಂಗ ಸಮಬಲದವು, ತಿರುಗಿ ಬರೋ ದಾರಿ 40 ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ. ಎರಡೂ ಕೂಡಿದಾಗ ಉಳಿಯೋ ಪ್ರಮಾಣ 2 ಸೈನ್ (ಪೈ × ದೂರ ÷ ತರಂಗಾಂತರ). 50 ಹರ್ಟ್ಸ್‌ಗೆ ಉತ್ತರ 0.36, ಅಂದರೆ ಸುಮಾರು 9 ಡೆಸಿಬೆಲ್ ಖೋತಾ. 100 ಹರ್ಟ್ಸ್‌ಗೆ ಸುಮಾರು 3 ಡೆಸಿಬೆಲ್. ಆ 9 ಡೆಸಿಬೆಲ್ ಅನ್ನು ಆಂಪ್ಲಿಫೈಯರ್‌ನಿಂದಲೇ ತುಂಬ್ತೀನಿ ಅಂದ್ರೆ ಏಳೂವರೆ ಪಟ್ಟು ಪವರ್ ಬೇಕು! ನಿಜವಾದ ಬಾಗಿಲು ಅರ್ಧಂಬರ್ಧ ಮುಚ್ಚಿರ್ತದೆ, ಅದಕ್ಕೇ ನಷ್ಟ ಇಷ್ಟೇ ಇರಬೇಕಂತಿಲ್ಲ. ಆದ್ರೂ ರೊಕ್ಕ ಎಲ್ಲಿ ಸೋರ್ತದೆ ಅನ್ನೋದು ಗೊತ್ತಾಯ್ತಲ್ಲ.

ಪವರ್ ಮಾತು ಬಂತು, ಟೇಪಿನ ಡಬ್ಬಿ ಮೇಲೆ ಬರೆದ "50 ವ್ಯಾಟ್ × 4" ಬಗ್ಗೆಯೂ ಹೇಳಿಬಿಡ್ತೀನಿ. ಇಂಜಿನ್ ಚಾಲೂ ಇದ್ದಾಗ ಬ್ಯಾಟರಿ ಲೈನಿನಲ್ಲಿ ಹೆಚ್ಚೂಕಡಿಮೆ 14.4 ವೋಲ್ಟ್. ಸ್ಪೀಕರ್ 4 ಓಮ್. 14.4ರ ವರ್ಗವನ್ನು 4ರಿಂದ ಭಾಗಿಸಿದ್ರೆ 52 ವ್ಯಾಟ್. ಆದರೆ ಅದು ಪೂರ್ತಿ ಸ್ಕ್ವೇರ್ ವೇವ್, ಕೇಳೋಕಾಗದ ಹರಕು ಸದ್ದು. ಶುದ್ಧ ಸೈನ್ ವೇವ್‌ಗೆ ಅದರ ಅರ್ಧ 26, ಒಳಗಿನ ನಷ್ಟ ಕಳೆದರೆ ಇನ್ನೂ ಕಡಿಮೆ. ಬೇಸ್ ಬೂಸ್ಟ್ ಪೂರ್ತಿ ಏರಿಸಿದಾಗ ಹಾಡು ಹರಿದುಹೋಗೋದು ಇದಕ್ಕೇ.

ಇನ್ನು ಕೆಲಸಕ್ಕೆ ಕೈ ಹಚ್ಚೋಣ. ಮೊದಲ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ: ಪೊಲಾರಿಟಿ ನೋಡೋದು. ಎರಡು ಬಾಗಿಲಲ್ಲಿ ಒಂದರ ವೈರ್ ಉಲ್ಟಾ ಆಗಿದ್ರೆ ಎಡದ ಬೇಸ್ ಬಲದ ಬೇಸನ್ನು ತಿಂದುಬಿಡ್ತದೆ. ಟೇಪಿನ ಕಡೆ ವೈರ್ ಬಿಚ್ಚಿ, 1.5 ವೋಲ್ಟ್ ಸೆಲ್ ಅನ್ನು ಕ್ಷಣಮಾತ್ರ ತಾಗಿಸಿ. ಪ್ಲಸ್ ವೈರಿಗೆ ಸೆಲ್ಲಿನ ಪ್ಲಸ್ ತಾಗಿದಾಗ ಎರಡೂ ಕೋನ್ ಹೊರಗೆ ಜಿಗಿಯಬೇಕು.

ಆಮೇಲೆ ಬಾಗಿಲು. ಇಲ್ಲಿ ಅವಸರ ಬೇಡ. ಒಳಗಿನ ಧೂಳು, ಕೆಸರು ಒರೆಸಿ ಒಣಗಿಸಿ. ಸ್ಪೀಕರ್ ಹಿಂದಿನ ಹೊರತಗಡಿಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ. ತಗಡು ಪೂರ್ತಿ ಮುಚ್ಚೋ ಅಗತ್ಯ ಇಲ್ಲ, ಬೆರಳಿನಿಂದ ಬಡಿದಾಗ "ಠಣ್" ಹೋಗಿ "ಥಪ್" ಅಂದ್ರೆ ಸಾಕು. ಛಾವಣಿಗೆ ಹಚ್ಚೋ ಡಾಂಬರ್ ಶೀಟ್ ಅಗ್ಗ ಅಂತ ಅಂಟಿಸಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಇಳಿಯುತ್ತದೆ, ಕ್ಯಾಬಿನ್ ತುಂಬ ವಾಸನೆ. ದೊಡ್ಡ ತೂತುಗಳಿಗೆ ತೆಳು ಅಲ್ಯೂಮಿನಿಯಂ ತಗಡು ಕತ್ತರಿಸಿ ಸ್ಕ್ರೂ ಹಾಕಿ, ಅಂಚಿಗೆ ಬ್ಯೂಟೈಲ್ ಪಟ್ಟಿ ಕೊಡಿ. ಸ್ಕ್ರೂ ಯಾಕಂದ್ರೆ, ನಾಳೆ ಗ್ಲಾಸ್ ಕೆಟ್ಟರೆ ಮಿಸ್ತ್ರಿ ಬಿಚ್ಚಬೇಕಲ್ಲ? ಲಾಕಿನ ಕಡ್ಡಿಗೆ ಏನೂ ತಾಗದಂತೆ ನೋಡಿಕೊಳ್ಳಿ.

ಬಾಗಿಲಿನ ಕೆಳಗಿನ ಸಣ್ಣ ತೂತುಗಳನ್ನು ಮಾತ್ರ ಮುಚ್ಚಲೇಬಾರದು. ಗ್ಲಾಸಿನ ಪಕ್ಕದಿಂದ ಇಳಿಯೋ ಮಳೆನೀರು ಹೊರಗೆ ಹೋಗೋದು ಅಲ್ಲಿಂದಲೇ. ಅವು ಸಣ್ಣವು, ಸ್ಪೀಕರ್‌ನಿಂದ ದೂರ. ಬೇಸ್‌ಗೆ ಅಷ್ಟು ನಷ್ಟ ಇಲ್ಲ. ಮುಚ್ಚಿದ್ರೆ ಬಾಗಿಲು ಒಂದೆರಡು ಮಳೆಗಾಲಕ್ಕೆ ತುಕ್ಕು ಹಿಡೀತದೆ. ಗೋಣಿಚೀಲ, ಹತ್ತಿ ತುರುಕೋದೂ ಬೇಡ, ಅವು ನೀರು ಹಿಡಿದಿಟ್ಟುಕೊಳ್ಳುತ್ತವೆ.

ಸ್ಪೀಕರ್ ಮತ್ತು ತಗಡಿನ ನಡುವೆ ಒಂದು ಗಟ್ಟಿ ರಿಂಗ್ ಬೇಕು. ಎಂಡಿಎಫ್ ನೀರಿಗೆ ಉಬ್ಬುತ್ತದೆ. ಪೇಂಟ್ ಹೊಡೆದ ಮರೀನ್ ಪ್ಲೈ, ಇಲ್ಲಾಂದ್ರೆ ಅಡುಗೆಮನೆಯ ದಪ್ಪ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್ ಕೊರೆದರೂ ನಡೀತದೆ. ಅದನ್ನು ಅವ್ವನ ಕೇಳಿ ತಗೊಳ್ರಿ! ರಿಂಗಿನ ಎರಡೂ ಬದಿಗೆ ಫೋಮ್ ಪಟ್ಟಿ. ಕೂರಿಸೋ ಮುಂಚೆ ಗ್ಲಾಸ್ ಪೂರ್ತಿ ಇಳಿಸಿ, ಮ್ಯಾಗ್ನೆಟ್ಟಿಗೆ ತಾಗ್ತದೋ ನೋಡಿ.

ಇಷ್ಟಾದ ಮೇಲೂ ಆಸೆಗೆ ಒಂದು ಮಿತಿ ಇರಲಿ. ಅಷ್ಟೇ ಜೋರು ಸದ್ದನ್ನು ಅರ್ಧ ಫ್ರೀಕ್ವೆನ್ಸಿಯಲ್ಲಿ ಕೊಡಬೇಕಾದ್ರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಆರೂವರೆ ಇಂಚಿನ ಕೋನ್ 80 ಹರ್ಟ್ಸ್‌ನಲ್ಲಿ 1 ಮಿಲಿಮೀಟರ್ ಆಡಿದ್ರೆ, 40ರಲ್ಲಿ 4 ಮಿಲಿಮೀಟರ್ ಆಡಬೇಕು. ಟೇಪಿನಲ್ಲಿ ಹೈಪಾಸ್ ಫಿಲ್ಟರ್ ಇದ್ರೆ 60 ಹರ್ಟ್ಸ್ ಆಸುಪಾಸಿನಲ್ಲಿ ಇಡಿ. ಸ್ಪೀಕರ್ ಬಾಳಿಕೆ ಬರ್ತದೆ, ಮೇಲಿನ ಬೇಸ್ ಸ್ವಚ್ಛ ಆಗ್ತದೆ.

ಅಂಗಡಿ ಮುಂದೆ ಇಂಜಿನ್ ಬಂದ್ ಮಾಡಿ ಕೇಳಿದಾಗ ಎಲ್ಲಾ ಚೆಂದ. ಘಟಪ್ರಭಾ ದಾಟಿ ಹುಕ್ಕೇರಿ ರೋಡಿಗೆ ಬಿದ್ದ ಕೂಡಲೇ ಬೇಸ್ ಮಾಯ. ಇದೂ ಲೆಕ್ಕಕ್ಕೆ ಸಿಗೋ ಸಂಗತಿ. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕಿನ ಡೀಸೆಲ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ನಿಮಿಷಕ್ಕೆ 2000 ಸುತ್ತಿನಲ್ಲಿ ಸೆಕೆಂಡಿಗೆ 67 ಸಲ. ನಾವು ಹುಡುಕ್ತಿರೋ ಬೇಸ್ ಇರೋದೂ ಅಲ್ಲೇ! ಇಂಜಿನ್ನಿನ ಗುಡುಗು ಡೊಳ್ಳನ್ನು ಮುಚ್ಚಿಹಾಕ್ತದೆ. ಅದಕ್ಕೇ ಬಾಗಿಲಿನ ರಬ್ಬರ್ ಬೀಡಿಂಗ್ ಸವೆದಿದ್ರೆ ಬದಲಿಸೋದು, ಪೆಡಲ್ ಹತ್ತಿರದ ಸಂದು ಮುಚ್ಚೋದು ಕೂಡ ಆಡಿಯೋ ಕೆಲಸವೇ. ಗ್ಲಾಸ್ ಏರಿಸಿದ್ರೆ ಸಣ್ಣ ಕ್ಯಾಬಿನ್ ನಮ್ಮ ಪರವಾಗಿ ನಿಲ್ತದೆ: ಸುಮಾರು 2 ಮೀಟರ್‌ನ ಮುಚ್ಚಿದ ಜಾಗದಲ್ಲಿ 85 ಹರ್ಟ್ಸ್‌ಗಿಂತ ಕೆಳಗಿನ ಒತ್ತಡ ತಾನಾಗೇ ಏರುತ್ತ ಹೋಗ್ತದೆ. ಗ್ಲಾಸ್ ಇಳಿಸಿದ್ರೆ ಆ ಲಾಭ ಗಾಳಿಪಾಲು. ಎಸಿ ಇಲ್ಲದ ಗಾಡಿಯಲ್ಲಿ ಬೇಸಿಗೆಯೊಳಗೆ ಇದಕ್ಕೆ ನನ್ನ ಹತ್ರ ಉಪಾಯ ಇಲ್ಲ.

ಎರಡೂ ಬಾಗಿಲನ್ನು ಒಂದೇ ದಿನ ಮಾಡಬೇಡಿ. ಎಡಗಡೆಯದು ಮುಗಿಸಿ, ಇಂಜಿನ್ ಚಾಲೂ ಇಟ್ಟು, ಅದೇ ಹಾಡು, ಅದೇ ವಾಲ್ಯೂಮ್‌ನಲ್ಲಿ ಟೇಪಿನ ಬ್ಯಾಲೆನ್ಸ್ ಅನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ. ನಡುವಿನ ಸೀಟಿನಲ್ಲಿ ಕಾಕಾನನ್ನು ಕೂರಿಸಿ, ಯಾವ ಬಾಗಿಲು ರಿಪೇರಿ ಆಗಿದೆ ಅಂತ ಹೇಳದೇ ಕೇಳಿ. ಬಲಗಡೆಯದನ್ನೂ ಮಾಡಬೇಕೋ ಬೇಡವೋ ಅನ್ನೋದನ್ನ ಅವರೇ ಹೇಳ್ತಾರೆ.