ಮಂಡಿಗೆ ಪೆಟ್ಟಾದಾಗ ಡಾಕ್ಟರರಲ್ಲಿಗೆ ಹೋಗುವುದು ಯಾವಾಗ?

ಮಾನವ ಶರೀರದ ಕೀಲುಗಳಲ್ಲೆಲ್ಲ ದೊಡ್ಡದು ಮಂಡಿ. ದೊಡ್ಡದಾದರೂ ಅದರ ಕಟ್ಟೋಣ ಅಷ್ಟೇನೂ ಭದ್ರವಾದುದಲ್ಲ. ತೊಡೆಯೆಲುಬಿನ ದುಂಡಾದ ತುದಿಯು ಕೆಳಗಿನ ಎಲುಬಿನ ಸಪಾಟಾದ ತಲೆಯ ಮೇಲೆ ಕುಳಿತಿದೆ, ಅಷ್ಟೆ. ಅದು ಜಾರಿಹೋಗದಂತೆ ಬಿಗಿದು ಹಿಡಿದಿರುವುವು ಮುಖ್ಯವಾಗಿ ನಾಲ್ಕು ನಾರುಪಟ್ಟಿಗಳು. ಇವನ್ನೇ ಡಾಕ್ಟರರು ಲಿಗಮೆಂಟ್ ಎನ್ನುತ್ತಾರೆ. ಎರಡು ಪಟ್ಟಿಗಳು ಇಕ್ಕೆಲಗಳಲ್ಲಿ, ಇನ್ನೆರಡು ಕೀಲಿನ ಒಳಗೆ ಕತ್ತರಿಯಂತೆ ಒಂದನ್ನೊಂದು ಹಾಯ್ದು ಹೋಗಿವೆ. ಎಲುಬು ಎಲುಬಿಗೆ ಉಜ್ಜದಂತೆ ನಡುವೆ ಅರ್ಧಚಂದ್ರಾಕೃತಿಯ ಎರಡು ಮೆತ್ತನೆಯ ಗಾದಿಗಳಿವೆ. ಅವುಗಳ ಹೆಸರು ಮೆನಿಸ್ಕಸ್. ಆದುದರಿಂದ ಒಂದು ಎಲುಬೂ ಮುರಿಯದೆ ಮಂಡಿ ಸಂಪೂರ್ಣವಾಗಿ ಕೆಡಬಹುದು ಎಂಬುದನ್ನು ಮೊದಲು ಅರಿತಿರಬೇಕು.

ಮುಂಬಯಿಯಂಥ ನಗರದಲ್ಲಿ ಇದಕ್ಕೆ ಅವಕಾಶಗಳು ಬೇಕಾದಷ್ಟಿವೆ. ಗಾಡಿ ನಿಲ್ಲುವ ಮೊದಲೇ ಪ್ಲಾಟ್‌ಫಾರ್ಮಿಗೆ ಧುಮುಕುವವರ ಪಾದ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೈ ಮಾತ್ರ ಓಟದ ದಿಕ್ಕಿಗೆ ತಿರುಗುತ್ತದೆ. ನಡುವೆ ಸಿಕ್ಕಿ ತಿರುಚುವುದು ಮಂಡಿ. ಮಳೆಗಾಲದಲ್ಲಿ ಸೇತುವೆಯ ಮೆಟ್ಟಿಲು, ಹೋಟೆಲಿನ ಅಡಿಗೆಮನೆಯ ಒದ್ದೆ ನೆಲ, ಚಾಳಿನ ಕತ್ತಲೆಯ ಜಿನೆ ಇವೆಲ್ಲ ಅದೇ ಜಾತಿಯವು. ಪೆಟ್ಟಾದ ಮೇಲೆ ನಮ್ಮವರ ಬಾಯಲ್ಲಿ ಬರುವ ಮಾತೂ ಒಂದೇ: "ಗಣಪತಿ ಹಬ್ಬಕ್ಕೆ ಊರಿಗೆ ಹೋಗುವುದಿದೆಯಲ್ಲ, ಅಲ್ಲಿ ತೋರಿಸಿದರಾಯಿತು." ರಜೆ ಸಿಗದು, ಸಂಬಳ ಕಡಿತವಾದೀತು ಎಂಬ ಚಿಂತೆ ಇದರ ಹಿಂದಿದೆ, ಅದು ಸುಳ್ಳು ಚಿಂತೆಯೇನಲ್ಲ. ಆದರೆ ಕೆಲವು ಪೆಟ್ಟುಗಳು ಹಬ್ಬದವರೆಗೆ ಕಾಯುವುದಿಲ್ಲ. ಯಾವುವು ಕಾಯುತ್ತವೆ, ಯಾವುವು ಕಾಯಲಾರವು ಎಂಬುದನ್ನು ಗುರುತಿಸುವುದು ಮನೆಯಲ್ಲಿಯೇ ಬಹುಮಟ್ಟಿಗೆ ಸಾಧ್ಯ.

ಮೊದಲು ಗಡಿಯಾರ ನೋಡಿಕೊಳ್ಳಬೇಕು. ಪೆಟ್ಟಾದ ಒಂದೆರಡು ಗಂಟೆಗಳಲ್ಲಿ ಮಂಡಿ ಬುಗ್ಗೆಯಂತೆ ಊದಿತೆಂದರೆ ಕೀಲಿನೊಳಗೆ ರಕ್ತ ತುಂಬಿದೆ ಎಂದೇ ಬಗೆಯಬೇಕು. ಒಳಗಿನ ಲಿಗಮೆಂಟು ಹರಿದಿರಬಹುದು, ಎಲುಬು ಬಿರುಕು ಬಿಟ್ಟಿರಬಹುದು, ಇಲ್ಲವೆ ಮಂಡಿಚಿಪ್ಪು ಜಾಗ ಬಿಟ್ಟು ಸರಿದಿರಬಹುದು. ಬೀಳುವಾಗ 'ಟಪ್' ಎಂದು ಒಳಗೇ ಏನೋ ಕಡಿದಂತಾಗಿದ್ದರೆ ಸಂಶಯ ಇನ್ನಷ್ಟು ಬಲವಾಗುತ್ತದೆ. ಇಂಥವರು ಅಂದೇ ಅಥವಾ ಮರುದಿನವೇ ಡಾಕ್ಟರರನ್ನು ಕಾಣತಕ್ಕದ್ದು. ರಾತ್ರಿ ಮಲಗಿ ಬೆಳಿಗ್ಗೆ ಏಳುವಾಗ ನಿಧಾನವಾಗಿ ಬಂದ ಬಾವು ಸಾಮಾನ್ಯವಾಗಿ ಗಾದಿಗೆ ಆದ ಪೆಟ್ಟಿನದು, ಅಥವಾ ಬರಿಯ ಉಳುಕಿನದು. ಇಲ್ಲಿ ಕೆಲವು ದಿನ ನೋಡಬಹುದು.

ಎರಡನೆಯದು ನಡಿಗೆ. ಕೆನಡಾದ ಒಟ್ಟಾವಾ ನಗರದ ವೈದ್ಯರು 1995ರಲ್ಲಿ ಪ್ರಕಟಿಸಿದ ಒಂದು ಸರಳ ಅಳತೆಗೋಲು ಇಂದು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಪೆಟ್ಟಾದ ಕೂಡಲೆ ಮತ್ತು ಆ ಮೇಲೆ ಡಾಕ್ಟರರ ಮುಂದೆಯೂ, ಕುಂಟಿಕೊಂಡಾದರೂ ಸರಿಯೆ, ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್-ರೇ ತೆಗೆಸಬೇಕು. ಮಂಡಿಯನ್ನು ಲಂಬಕೋನದವರೆಗೆ, ಅಂದರೆ ಕುರ್ಚಿಯ ಮೇಲೆ ಕುಳಿತಾಗ ಇರುವಷ್ಟು, ಮಡಿಸಲಾಗದಿದ್ದರೂ ತೆಗೆಸಬೇಕು. ಬೇರೆಲ್ಲೂ ನೋಯದೆ ಮಂಡಿಚಿಪ್ಪನ್ನು ಒತ್ತಿದಾಗ ಮಾತ್ರ ನೋವು, ಇಲ್ಲವೆ ಮಂಡಿಯ ಹೊರಮಗ್ಗುಲಲ್ಲಿ ತುಸು ಕೆಳಗೆ ಕೈಗೆ ಸಿಗುವ ಎಲುಬಿನ ಗಂಟನ್ನು ಒತ್ತಿದರೆ ನೋವು ಎಂದಾಗಲೂ ಹಾಗೆಯೇ. ಐವತ್ತೈದು ದಾಟಿದವರಿಗೆ ಇನ್ನಾವ ಲಕ್ಷಣವೂ ಬೇಡ, ವಯಸ್ಸೊಂದೇ ಸಾಕು. ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಈ ಅಳತೆಗೋಲನ್ನು ನೆಚ್ಚಿ ಕೂರಬಾರದು.

ಇನ್ನೊಂದು ಪರೀಕ್ಷೆಯುಂಟು, ಇದನ್ನು ಮಾಡಿ ನೋಡುವವರು ಬಹಳ ಕಡಿಮೆ. ಅಂಗಾತ ಮಲಗಿ, ಮಂಡಿಯನ್ನು ಮಡಿಸದೆ, ಇಡೀ ಕಾಲನ್ನು ಹಾಸಿಗೆಯಿಂದ ಒಂದು ಗೇಣು ಮೇಲೆತ್ತಬೇಕು. ನೋವಿನಿಂದ ಮುಖ ಕಿವುಚಿದರೂ ಕಾಲು ಮೇಲೆದ್ದರೆ ಒಂದು ಭಯ ದೂರವಾಯಿತು. ಎಷ್ಟು ಪ್ರಯತ್ನಿಸಿದರೂ ಕಾಲು ಏಳದಿದ್ದರೆ ಅಥವಾ ಏಳುವಾಗ ಮಂಡಿ ತಾನಾಗಿ ಮಡಿಚಿಕೊಂಡರೆ, ಮಂಡಿಚಿಪ್ಪು ಒಡೆದಿರಬಹುದು, ಇಲ್ಲವೆ ತೊಡೆಯ ಸ್ನಾಯುವನ್ನು ಕಾಲಿಗೆ ಜೋಡಿಸುವ ಹುರಿ ಹರಿದಿರಬಹುದು. ಹರಿದ ಹುರಿ ವಾರಗಳು ಕಳೆದಂತೆ ಮೇಲಕ್ಕೆ ಕುಗ್ಗಿಕೊಳ್ಳುತ್ತದೆ. ಮೊದಲ ಒಂದೆರಡು ವಾರಗಳಲ್ಲಿ ಹೊಲಿದು ಕೂಡಿಸಬಹುದಾದುದು ಎರಡು ತಿಂಗಳ ನಂತರ ದೊಡ್ಡ ಶಸ್ತ್ರಕ್ರಿಯೆಯೇ ಆಗುತ್ತದೆ. ಆಗಲೂ ಮೊದಲಿನ ಬಲ ಬರುವ ಭರವಸೆಯಿಲ್ಲ. ಹಬ್ಬಕ್ಕೆ ಕಾಯಬಾರದ ಪೆಟ್ಟು ಎಂದದ್ದು ಇದಕ್ಕೇ.

ಮಂಡಿ ಅರ್ಧ ಮಡಿಸಿದಲ್ಲಿಯೇ ಸಿಕ್ಕಿಕೊಂಡು ಪೂರ್ತಿ ನೀಡಲಾಗದಿದ್ದರೆ, ಹರಿದ ಗಾದಿಯ ಚೂರು ಬಾಗಿಲ ಸಂದಿಗೆ ಸಿಕ್ಕ ಬಟ್ಟೆಯಂತೆ ಅಡ್ಡಬಂದಿರುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು ರುಬ್ಬುವ, ಪಾತ್ರೆ ತೊಳೆಯುವ ಕೆಲಸದವರಲ್ಲಿ, ಒಮ್ಮೆಲೆ ಎದ್ದು ತಿರುಗಿದಾಗ ಇದು ಆಗುವುದುಂಟು. ಬಲವಂತವಾಗಿ ಎಳೆದು ನೀಡಿಸಬಾರದು. ಒಂದೆರಡು ದಿನಗಳಲ್ಲಿ ತಜ್ಞರಿಗೆ ತೋರಿಸಬೇಕು. ಬಾವು ಇಳಿದು, ನೋವು ಹೋಗಿ, ಎಲ್ಲ ಸರಿಹೋಯಿತೆಂದುಕೊಂಡ ಮೇಲೆ ಮೆಟ್ಟಿಲಿಳಿಯುವಾಗ ಮಂಡಿ ಸಟಕ್ಕನೆ ಕೈಕೊಡುವುದು ಇನ್ನೊಂದು ಬಗೆ. ಇಲ್ಲಿ ನೋವಿಲ್ಲವೆಂಬುದೇ ಮೋಸ. ಲಿಗಮೆಂಟಿಲ್ಲದ ಮಂಡಿ ಕೈಕೊಟ್ಟಾಗಲೆಲ್ಲ ಒಳಗಿನ ಗಾದಿ ಇನ್ನಷ್ಟು ಹರಿಯುತ್ತದೆ.

ಇನ್ನು ಗಂಟೆಗಳ ಲೆಕ್ಕದಲ್ಲಿ ಓಡಬೇಕಾದ ಸಂದರ್ಭಗಳು. ಕಾಲು ಸೊಟ್ಟಗಾಗಿದ್ದರೆ, ಪಾದ ತಣ್ಣಗಾಗಿ ಬಿಳಿಚಿಕೊಂಡಿದ್ದರೆ, ಜೋಮು ಹಿಡಿದು ಬೆರಳು ಆಡದಿದ್ದರೆ, ಮಂಡಿಯ ಹಿಂದೆ ಹಾಯುವ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಆರರಿಂದ ಎಂಟು ಗಂಟೆಗಳೊಳಗೆ ರಕ್ತಸಂಚಾರ ಮರಳದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯ ಹೆಚ್ಚುತ್ತ ಹೋಗುತ್ತದೆ. ಮಂಡಿ ಕೆಂಪಾಗಿ, ಮುಟ್ಟಿದರೆ ಸುಡುತ್ತ, ಜೊತೆಗೆ ಜ್ವರವೂ ಬಂದರೆ ಕೀಲಿನೊಳಗೆ ಕೀವಾಗಿರುವ ಸಂಭವವುಂಟು. ಕೀವು ಕೆಲವೇ ದಿನಗಳಲ್ಲಿ ಕೀಲನ್ನು ತಿಂದುಬಿಡುತ್ತದೆ. ಸಕ್ಕರೆ ಕಾಯಿಲೆಯವರು ಇದರಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸಣ್ಣ ಪೆಟ್ಟಿನ ಬಾವನ್ನೂ ಸಣ್ಣದೆನ್ನಬಾರದು.

ಎಣ್ಣೆ ತಿಕ್ಕುವ ವಿಷಯ ಹೇಳದಿದ್ದರೆ ಈ ಲೇಖನ ನಮ್ಮವರದಾಗಲಾರದು. ಹಳೆಯ ಮಂಡಿನೋವಿಗೆ ಬಿಸಿಯೆಣ್ಣೆ ಹಿತವೆನಿಸಿದರೆ ಯಾರ ಆಕ್ಷೇಪವೂ ಇಲ್ಲ. ಹೊಸ ಪೆಟ್ಟಿಗೆ ಮೊದಲ ಎರಡು ದಿನ ತಿಕ್ಕುವುದೂ ಶಾಖ ಕೊಡುವುದೂ ಕೂಡದು. ಒಳಗೆ ರಕ್ತ ಸೋರುವುದು ಹೆಚ್ಚೀತು. ಬರ್ಫವನ್ನು ಬಟ್ಟೆಯಲ್ಲಿ ಸುತ್ತಿ ಒಮ್ಮೆಗೆ ಹದಿನೈದು ಇಪ್ಪತ್ತು ನಿಮಿಷ ಇಡುವುದು, ದಿಂಬಿನ ಮೇಲೆ ಕಾಲು ಎತ್ತರಿಸುವುದು, ಕಾಲಿಗೆ ವಿಶ್ರಾಂತಿ ಕೊಡುವುದು, ಇಷ್ಟು ಸಾಕು. ನಾಟಿವೈದ್ಯರಲ್ಲಿ ಕೈಗುಣವುಳ್ಳವರು ಇಲ್ಲವೆಂದಲ್ಲ. ಆದರೆ ಎಕ್ಸ್-ರೇ ನೋಡದೆ ಬಿದಿರಿನ ದಬ್ಬೆಯಿಟ್ಟು ಬಿಗಿದ ಕಟ್ಟಿನ ಕೆಳಗೆ ಕಾಲು ಊದಿ, ರಕ್ತವಾಡದೆ ಕೊಳೆತು, ಕೊನೆಗೆ ಆಸ್ಪತ್ರೆಗೆ ಬರುವವರಿದ್ದಾರೆ. ಯಾರು ಕಟ್ಟಿದ ಕಟ್ಟೇ ಆಗಲಿ, ಬೆರಳುಗಳು ನೀಲಿಯಾದರೆ ಅಥವಾ ನೋವು ಏರುತ್ತಲೇ ಹೋದರೆ ಆ ಕ್ಷಣ ಬಿಚ್ಚಿಸಬೇಕು.

ಮೇಲೆ ಹೇಳಿದ ಯಾವ ಲಕ್ಷಣವೂ ಇಲ್ಲದ ಪೆಟ್ಟು ದಿನದಿಂದ ದಿನಕ್ಕೆ ಇಳಿಮುಖವಾಗಬೇಕು. ವಾರ ಹತ್ತು ದಿನವಾದರೂ ಇಳಿಯದಿದ್ದರೆ ತೋರಿಸಿಕೊಳ್ಳುವುದು ಯುಕ್ತ. ಖರ್ಚಿಗೆ ಅಂಜುವವರಿಗೆ ಪರೇಲಿನ ಕೆ.ಇ.ಎಂ., ಸಾಯನ್ ಮೊದಲಾದ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಎಲುಬಿನ ವಿಭಾಗಗಳಿವೆ; ಸರತಿಯ ಸಾಲು ಉದ್ದ, ಬೆಳಿಗ್ಗೆ ಬೇಗ ಹೋಗಬೇಕು. ಎಕ್ಸ್-ರೇಯಲ್ಲಿ ಎಲುಬು ಕಾಣುತ್ತದೆ, ಲಿಗಮೆಂಟಾಗಲಿ ಗಾದಿಯಾಗಲಿ ಕಾಣುವುದಿಲ್ಲ. ಆದುದರಿಂದ "ಫೋಟೋದಲ್ಲಿ ಏನೂ ಇಲ್ಲ" ಎಂದ ಮೇಲೂ ಮಂಡಿ ಕೈಕೊಡುತ್ತಿದ್ದರೆ ಮತ್ತೊಮ್ಮೆ ಹೋಗಿ ಹಾಗೆಂದು ಹೇಳಬೇಕು. ಬಿದ್ದದ್ದು ಹೇಗೆ, ಸದ್ದಾಯಿತೆ, ಬಾವು ಎಷ್ಟು ಹೊತ್ತಿಗೆ ಬಂತು, ಆಗ ನಡೆಯಲಾಯಿತೆ ಎಂಬ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ, ನೂರಾರು ರೋಗಿಗಳ ನಡುವೆ ಎರಡು ನಿಮಿಷ ಸಿಗುವ ಡಾಕ್ಟರರಿಗೂ ಅನುಕೂಲ.