ಬಾಗಿಲಿಗೆ ಅಂಟಿಸಿ ಹೋದ ಸಮನ್ಸು

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಯಜಮಾನರು ಲಾರಿ ಡ್ರೈವರ್. ಗುಜರಾತ್ ಕಡೆ ಲೋಡು ಸಿಕ್ಕಿದರೆ ಮನೆಗೆ ಬರುವುದು ಹದಿನೈದು ಇಪ್ಪತ್ತು ದಿನಕ್ಕೊಮ್ಮೆ. ಮಾವ ತೀರಿಕೊಂಡಿದ್ದಾರೆ. ಮನೆಯಲ್ಲಿ ಅತ್ತೆ, ಮೈದುನ, ನಾನು, ಇಬ್ಬರು ಮಕ್ಕಳು. ತೆಂಗಿನ ತೋಟದಲ್ಲಿ, ಹೊಲದಲ್ಲಿ ಪಾಲು ಬೇಕು ಅಂತ ನಾದಿನಿ ಕೋರ್ಟಿಗೆ ಹೋಗಿದ್ದಾರೆ. ಮೊದಲು ಒಂದು ರಿಜಿಸ್ಟರ್ ಕವರ್ ಬಂತು. ಅತ್ತೆ ಅದನ್ನು ಒಡೆಯದೆ, "ನಮಗೆ ಬೇಡ, ತಗೊಂಡೋಗಪ್ಪ" ಎಂದು ಪೋಸ್ಟ್‌ಮನ್ ಕೈಯಲ್ಲೇ ವಾಪಸ್ ಕಳಿಸಿದರು. ಕಳೆದ ವಾರ ಕೋರ್ಟಿನ ಅಮೀನರೇ ಬಂದರು. ಅತ್ತೆ, ಮೈದುನ ಇಬ್ಬರೂ ಸಹಿ ಹಾಕುವುದಿಲ್ಲ ಎಂದರು. ಯಜಮಾನರ ಹೆಸರಿನ ಕಾಗದವನ್ನಾದರೂ ಇಸಿದುಕೊಳ್ಳೋಣ ಅಂತ ನಾನು ಮುಂದೆ ಹೋದೆ. "ಹೆಂಗಸರು ಇಸ್ಕೊಂಡ್ರೆ ಅದು ನಡೆಯಲ್ಲ, ಸುಮ್ನೆ ಒಳಗೆ ಹೋಗು" ಎಂದು ಅತ್ತೆ ಗದರಿದರು. ಅಮೀನರು ಪಕ್ಕದ ಮನೆಯವರನ್ನು ಕರೆದು, ಅವರ ಎದುರಿಗೇ ಬಾಗಿಲಿಗೆ ಅಂಟಿಸಿ ಹೋದರು. ಆಮೇಲೆ ಮೈದುನ ಅದನ್ನು ಕಿತ್ತು ಹರಿದುಹಾಕಿದರು. ಅಷ್ಟರೊಳಗೆ ನಾನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಿದ್ದೆ, ಯಾರಿಗೂ ಹೇಳಿಲ್ಲ. ಮೂರು ಸಲ ವಾಪಸ್ ಹೋದರೆ ಕೇಸು ತಾನಾಗಿಯೇ ವಜಾ ಆಗುತ್ತದೆ ಎಂದು ಊರಿನ ಹಿರಿಯರೊಬ್ಬರು ಹೇಳುತ್ತಾರೆ. ನಿಜವೇ? ಪೊಲೀಸರು ಬರುತ್ತಾರೆಯೇ? ರಾತ್ರಿಯೆಲ್ಲ ಗಾಡಿ ಓಡಿಸುವವರು, ಗಾಬರಿಯಾದಾರು ಎಂದು ಯಜಮಾನರಿಗೆ ಇನ್ನೂ ತಿಳಿಸಿಲ್ಲ. ನಾದಿನಿಗೆ ಒಂದು ಫೋನ್ ಮಾಡಲೇ?

— ಹೆಸರು, ಊರು ಬೇಡ

ಉತ್ತರ: ಆ ಫೋಟೊ ಅಳಿಸಬೇಡಿ. ಯಜಮಾನರು ಊಟಕ್ಕೋ ನಿದ್ದೆಗೋ ಗಾಡಿ ನಿಲ್ಲಿಸಿದ ಹೊತ್ತು ನೋಡಿ ಇವತ್ತೇ ವಿಷಯ ಹೇಳಿ, ಫೋಟೊ ಕಳಿಸಿ. ಕೇಸಿನ ಪ್ರತಿವಾದಿ ಅವರು. ಗಾಬರಿಯಾಗದಿರಲಿ ಎಂದು ನೀವು ಮುಚ್ಚಿಟ್ಟ ದಿನಗಳೆಲ್ಲ ಅವರ ಗಡುವಿನಿಂದಲೇ ಕಳೆಯುತ್ತವೆ.

ಪೊಲೀಸರ ಭಯ ಬಿಡಿ. ಇದು ಸಿವಿಲ್ ದಾವೆ. ಸಮನ್ಸು ಎಂದರೆ ವಾರಂಟ್ ಅಲ್ಲ. ನಿಮ್ಮ ಮೇಲೆ ಇಂಥವರು ಇಂಥ ದಾವೆ ಹೂಡಿದ್ದಾರೆ, ಇಂಥ ದಿನ ಬೆಳಿಗ್ಗೆ 11 ಗಂಟೆಗೆ ನೀವಾಗಲಿ ನಿಮ್ಮ ವಕೀಲರಾಗಲಿ ಬಂದು ಉತ್ತರ ಕೊಡಿ ಎಂದು ಕೋರ್ಟು ಕರೆಯುವ ಪತ್ರ ಅದು. ಬರದಿದ್ದವರನ್ನು ಯಾರೂ ಹಿಡಿದೊಯ್ಯುವುದಿಲ್ಲ. ಅವರಿಲ್ಲದೆಯೇ ಕೇಸು ನಡೆದುಹೋಗುತ್ತದೆ, ಅಷ್ಟೆ. ಜಮೀನಿನ ವಿಚಾರದಲ್ಲಿ ಆ 'ಅಷ್ಟೆ' ಏನು ಕಡಿಮೆಯದಲ್ಲ.

ಇನ್ನು ಊರಿನ ಹಿರಿಯರ ಮಾತು. ಮೂರು ಸಲ ವಾಪಸ್ ಹೋದರೆ ವಜಾ ಎಂಬ ಕಾನೂನು ಎಲ್ಲೂ ಇಲ್ಲ. ಈ ನಂಬಿಕೆ ಎಲ್ಲಿಂದ ಹುಟ್ಟಿರಬಹುದು ಎಂದು ಊಹಿಸಬಲ್ಲೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದಲ್ಲಿ ಹೀಗೊಂದು ನಿಯಮವಿದೆ: ಸಮನ್ಸು ಜಾರಿಯಾಗದೆ ಹಿಂದಿರುಗಿದ ಮೇಲೆ ವಾದಿ ಏಳು ದಿನಗಳೊಳಗೆ ಹೊಸ ಸಮನ್ಸಿಗೆ ಅರ್ಜಿ ಹಾಕದಿದ್ದರೆ, ಸರಿಯಾದ ಕಾರಣವನ್ನೂ ತೋರಿಸದಿದ್ದರೆ, ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗುತ್ತದೆ. ಅದು ವಾದಿಯ ಸೋಮಾರಿತನಕ್ಕೆ ಬೀಳುವ ಏಟು. ಪ್ರತಿವಾದಿಯ ಹಟಕ್ಕೆ ಸಿಗುವ ಬಹುಮಾನವಲ್ಲ. ಹಾಗೆ ವಜಾ ಆದರೂ ಕಾಲಮಿತಿ ಮೀರಿರದಿದ್ದರೆ ನಾದಿನಿ ಮತ್ತೆ ದಾವೆ ಹೂಡಬಹುದು. ಅಮೀನರನ್ನು ಮನೆಬಾಗಿಲಿಗೆ ಕಳಿಸುವಷ್ಟು ಎಚ್ಚರದಲ್ಲಿರುವವರು ಅರ್ಜಿ ಹಾಕುವುದನ್ನು ಮರೆಯುವುದಿಲ್ಲ.

ನಿಮ್ಮ ಅತ್ತೆಯವರ ಮಾತಿಗೂ ಒಂದು ಹಳೆಯ ಬೇರಿದೆ. ಪ್ರತಿವಾದಿ ಮನೆಯಲ್ಲಿಲ್ಲದಾಗ ಅವನ ಸಮನ್ಸನ್ನು ಕುಟುಂಬದ ವಯಸ್ಕ ಗಂಡಸಿಗೆ ಕೊಡಬೇಕು ಎಂದೇ ಹಿಂದೆ ಸಂಹಿತೆಯಲ್ಲಿತ್ತು. 1976ರ ತಿದ್ದುಪಡಿಯಲ್ಲಿ ಅದು ಹೋಯಿತು. ಈಗ ಜೊತೆಯಲ್ಲಿ ವಾಸಿಸುವ ವಯಸ್ಕರು ಗಂಡಾಗಲಿ ಹೆಣ್ಣಾಗಲಿ ತೆಗೆದುಕೊಳ್ಳಬಹುದು. ಮನೆಗೆಲಸದವರಿಗೆ ಮಾತ್ರ ಕೊಡುವಂತಿಲ್ಲ, ಅವರು ಕುಟುಂಬದ ಸದಸ್ಯರಲ್ಲ ಎಂದು ನಿಯಮವೇ ಬಿಡಿಸಿ ಹೇಳುತ್ತದೆ. ನೀವು ಕೈ ಚಾಚಿದ್ದು ಸರಿಯಾಗಿಯೇ ಇತ್ತು. ಐವತ್ತು ವರ್ಷ ಹಿಂದಿನ ಕಾನೂನು ನಮ್ಮ ಜಗಲಿಗಳಲ್ಲಿ ಇನ್ನೂ ಜಾರಿಯಲ್ಲಿರುವುದು ನನಗೇನೂ ಹೊಸದಲ್ಲ.

ಆ ದಿನ ನಡೆದದ್ದರ ಬೆಲೆ ಮೂವರಿಗೂ ಒಂದೇ ಅಲ್ಲ. ಪ್ರತಿವಾದಿಗಳು ಎಷ್ಟು ಜನರೋ ಸಮನ್ಸೂ ಅಷ್ಟು. ನಿಮ್ಮ ಅತ್ತೆಯವರೂ ಮೈದುನರೂ ಎದುರಿಗೇ ಇದ್ದು ಸಹಿ ಹಾಕಲು ಒಪ್ಪಲಿಲ್ಲ. ಹಾಗೆ ನಿರಾಕರಿಸಿದಾಗ 5ನೇ ಆದೇಶದ 17ನೇ ನಿಯಮದ ಪ್ರಕಾರ ಅಮೀನರು ಪ್ರತಿಯನ್ನು ಮನೆಯ ಹೊರಬಾಗಿಲಿಗೋ ಎದ್ದು ಕಾಣುವ ಜಾಗಕ್ಕೋ ಅಂಟಿಸಬೇಕು. ಯಾವ ಸಂದರ್ಭದಲ್ಲಿ ಅಂಟಿಸಿದರು, ಮನೆ ಗುರುತಿಸಿದವರು ಯಾರು, ಯಾರ ಸಮಕ್ಷಮ ಅಂಟಿಸಿದರು ಎಂದು ಷರಾ ಬರೆದು ಅಸಲನ್ನು ಕೋರ್ಟಿಗೆ ಒಪ್ಪಿಸಬೇಕು. ಪಕ್ಕದ ಮನೆಯವರನ್ನು ಕರೆದದ್ದು ಅದಕ್ಕೇ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವರು ಯಾರ ಪಕ್ಷಕ್ಕೂ ಸೇರಿದವರಲ್ಲ. ಆಮೇಲೆ ಕಿತ್ತು ಹರಿದದ್ದರಿಂದ ಏನೂ ಬದಲಾಗಲಿಲ್ಲ, ಏಕೆಂದರೆ ಕೋರ್ಟು ನೋಡುವುದು ಷರಾವನ್ನು. ಅದನ್ನು ಒಪ್ಪಿದರೆ ಅವರಿಬ್ಬರಿಗೂ ಸಮನ್ಸು ಜಾರಿಯಾಯಿತು ಎಂದೇ ದಾಖಲಾಗುತ್ತದೆ.

ಯಜಮಾನರ ಸಂಗತಿ ಸ್ವಲ್ಪ ಬೇರೆ. ಮನೆಯವರ ಕೈಗೆ ಕೊಡುವುದಾಗಲಿ ಬಾಗಿಲಿಗೆ ಅಂಟಿಸುವುದಾಗಲಿ, ಪ್ರತಿವಾದಿ ಸದ್ಯದಲ್ಲಿ ಮನೆಯಲ್ಲಿ ಸಿಗುವ ಸಂಭವವಿಲ್ಲ ಎನ್ನುವಾಗ ಹಿಡಿಯಬೇಕಾದ ದಾರಿಗಳು. ಎರಡು ವಾರಕ್ಕೋ ಮೂರು ವಾರಕ್ಕೋ ತಪ್ಪದೆ ಬರುವ ಮನುಷ್ಯ ಯಾವಾಗ ಬರುತ್ತಾನೆ ಎಂದು ಅಮೀನರು ವಿಚಾರಿಸಿದರೇ? ಮತ್ತೊಮ್ಮೆ ಬಂದು ನೋಡಿದರೇ? ಮೊದಲ ಭೇಟಿಯಲ್ಲೇ ಅಂಟಿಸಿ ಹೋಗಿದ್ದರೆ ಅದು ಸಮರ್ಪಕ ಜಾರಿಯಲ್ಲ ಎಂದು ವಾದಿಸಲು ವಕೀಲರಿಗೆ ಎಡೆಯಿದೆ. ಅಮೀನರ ವರದಿ ಕಡತದಲ್ಲೇ ಇರುತ್ತದೆ. ನಕಲಿಗೆ ಅರ್ಜಿ ಹಾಕಿ ಪಡೆಯಬಹುದು.

ಆದರೆ ಈ ವಾದವನ್ನೇ ನಂಬಿಕೊಂಡು ಮನೆಯಲ್ಲಿ ಕೂರಬೇಡಿ. ನಾನು ಗಂಟಲು ಹರಿದುಕೊಂಡು ಹೇಳುವುದು ಇದೊಂದನ್ನೇ. ಸಮನ್ಸು ತಲುಪಿಸಿ ಎಂದು ಕಾನೂನು ಇಷ್ಟೆಲ್ಲ ಕಟ್ಟುಪಾಡು ಮಾಡಿರುವುದು ಪ್ರತಿವಾದಿಯ ರಕ್ಷಣೆಗೆ, ಅವನ ಮಾತು ಕೇಳದೆ ಅವನ ಆಸ್ತಿಯ ಮೇಲೆ ತೀರ್ಪು ಬೀಳದಿರಲಿ ಎಂದು. ಪ್ರತಿ ಸಮನ್ಸಿನ ಜೊತೆ ದಾವಾಪತ್ರದ ನಕಲೂ ಇರಬೇಕು. ನಾದಿನಿ ಯಾವ ಯಾವ ಸರ್ವೆ ನಂಬರು ಕೇಳಿದ್ದಾರೆ, ಎಷ್ಟನೇ ಒಂದು ಪಾಲು ಎಂದಿದ್ದಾರೆ, ಮನೆಯನ್ನೂ ಸೇರಿಸಿದ್ದಾರೆಯೇ, ತಡೆಯಾಜ್ಞೆಗೂ ಅರ್ಜಿ ಹಾಕಿದ್ದಾರೆಯೇ ಎಂಬುದೆಲ್ಲ ಗೊತ್ತಾಗುವುದು ಅದರಿಂದ. ನಿಮ್ಮ ಮನೆಯವರು ವಾಪಸ್ ಕಳಿಸಿದ್ದು ಕೇಸನ್ನಲ್ಲ, ಈ ಮಾಹಿತಿಯನ್ನು.

ಹಾಜರಾಗದೆ ಬಿಟ್ಟರೆ ಏನಾಗುತ್ತದೆ? ಸಮನ್ಸು ಜಾರಿಯಾಗಿದೆ ಎಂದು ಕೋರ್ಟಿಗೆ ಮನವರಿಕೆಯಾದರೆ ಪ್ರತಿವಾದಿಯನ್ನು ಎಕ್ಸ್‌ಪಾರ್ಟಿ ಎಂದು ಬರೆದುಕೊಂಡು ಮುಂದುವರಿಯುತ್ತದೆ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾರೆ ಎನಿಸಿದರೆ 5ನೇ ಆದೇಶದ 20ನೇ ನಿಯಮದಡಿ ಕೋರ್ಟಿನ ಆವರಣದಲ್ಲೂ ಮನೆಗೂ ಅಂಟಿಸಲು, ಅಥವಾ ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಲು ಹೇಳಬಹುದು. ಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬರುವ ಆ ನ್ಯಾಯಾಲಯ ಪ್ರಕಟಣೆಗಳನ್ನು ಓದುವವರನ್ನು ನಾನಂತೂ ಹೆಚ್ಚು ಕಂಡಿಲ್ಲ. ಆದರೂ ಕೈಗೇ ಕೊಟ್ಟಷ್ಟು ಬಲ ಅದಕ್ಕಿದೆ. ಪಾಲಿನ ದಾವೆಯಲ್ಲಿ ಮೊದಲು ಯಾರಿಗೆ ಎಷ್ಟು ಎಂದು ಪ್ರಾಥಮಿಕ ಡಿಕ್ರಿ ಆಗುತ್ತದೆ, ಆಮೇಲೆ ಅಂತಿಮ ಡಿಕ್ರಿಯ ನಡವಳಿ. ಕಾಗದ ಇಸಿದುಕೊಳ್ಳದ ಎಷ್ಟೋ ಮನೆಗಳಿಗೆ ವಿಷಯ ಮುಟ್ಟುವುದು ಸರ್ವೆಯವರು ತೋಟಕ್ಕೆ ಇಳಿದು ಅಳತೆ ಶುರು ಮಾಡಿದ ದಿನ. ಅವತ್ತು ವಕೀಲರ ಹತ್ತಿರ ಓಡಿ ಬರುತ್ತಾರೆ.

ಆ ಹೊತ್ತಿಗೂ ದಾರಿ ಪೂರ್ತಿ ಮುಚ್ಚಿರುವುದಿಲ್ಲ. ಡಿಕ್ರಿ ಆಗುವ ಮೊದಲೇ ಬಂದರೆ ತಕ್ಕ ಕಾರಣ ತೋರಿಸಿ ಎಕ್ಸ್‌ಪಾರ್ಟಿ ಆದೇಶ ತೆಗೆಸಬಹುದು, ಕೋರ್ಟು ಒಂದಿಷ್ಟು ಕಾಸ್ಟು ಹಾಕಬಹುದು. ಡಿಕ್ರಿ ಆದ ಮೇಲಾದರೆ ಸಮನ್ಸು ಸರಿಯಾಗಿ ಜಾರಿಯಾಗಲಿಲ್ಲ ಎಂದೋ, ಬರಲಾಗದಂಥ ಕಾರಣವಿತ್ತು ಎಂದೋ ತೋರಿಸಿ ರದ್ದು ಕೇಳಬೇಕು. ಗಡುವು 30 ದಿನ: ಸಾಮಾನ್ಯವಾಗಿ ಡಿಕ್ರಿಯ ದಿನದಿಂದ, ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ. ಪತ್ರಿಕೆಯಲ್ಲಿ ಪ್ರಕಟಿಸುವಂಥ ಬದಲಿ ಜಾರಿಯನ್ನು ಈ ಗಡುವಿನ ಲೆಕ್ಕಕ್ಕೆ ಸರಿಯಾದ ಜಾರಿ ಎಂದು ಎಣಿಸಬಾರದು ಎಂದು ಕಾಲಮಿತಿ ಕಾಯ್ದೆಯ 123ನೇ ಅನುಚ್ಛೇದವೇ ಹೇಳುತ್ತದೆ. ನಿಜವಾಗಿ ಏನೂ ಗೊತ್ತಿಲ್ಲದವರಿಗೆ ಇದು ದೊಡ್ಡ ಆಸರೆ.

ನಿಮ್ಮ ಮನೆಗೆ ಈ ಆಸರೆ ಸಿಗುವುದು ಕಷ್ಟ. ಜಾರಿಯಲ್ಲಿ ಲೋಪವಿದ್ದರೂ, ಪ್ರತಿವಾದಿಗೆ ವಿಚಾರಣೆಯ ದಿನ ಗೊತ್ತಿತ್ತು, ಬಂದು ಉತ್ತರಿಸಲು ಸಮಯವೂ ಇತ್ತು ಎಂದು ಕೋರ್ಟಿಗೆ ಕಂಡರೆ ಬರೀ ಆ ಲೋಪಕ್ಕಾಗಿ ಡಿಕ್ರಿ ರದ್ದು ಮಾಡುವಂತಿಲ್ಲ. ಫೋಟೊ ನಿಮ್ಮ ಮೊಬೈಲಿನಲ್ಲಿದೆ. ಪಕ್ಕದ ಮನೆಯವರು ನೋಡಿದ್ದಾರೆ. ನಾಳೆ "ನಮಗೆ ವಿಷಯವೇ ತಿಳಿದಿರಲಿಲ್ಲ" ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಅದು ಸುಳ್ಳು. ಆ ಸುಳ್ಳಿಗೆ ನೀವೂ ಜೊತೆಯಾಗಬೇಕಾಗುತ್ತದೆ. ಅಲ್ಲಿಯವರೆಗೆ ಹೋಗಬೇಡಿ.

ರಿಜಿಸ್ಟರ್ ಕವರಿನಲ್ಲಿ ಏನಿತ್ತೋ ನಿಮಗೂ ಗೊತ್ತಿಲ್ಲ. ನಾದಿನಿಯ ವಕೀಲರು ಕಳಿಸಿದ ನೋಟಿಸ್ ಆಗಿದ್ದರೆ ಉತ್ತರ ಕೊಡದ್ದಕ್ಕೆ ಶಿಕ್ಷೆಯೇನೂ ಇಲ್ಲ, ಮಾತಾಡಿ ಮುಗಿಸುವ ಒಂದು ಅವಕಾಶ ಹೋಯಿತು. ಕೋರ್ಟೇ ಅಂಚೆಯಲ್ಲಿ ಕಳಿಸಿದ ಸಮನ್ಸಾಗಿದ್ದರೆ 'ನಿರಾಕರಿಸಿದ್ದಾರೆ' ಎಂಬ ಪೋಸ್ಟ್‌ಮನ್ ಷರಾವೊಂದೇ ಸಾಕು, ಜಾರಿಯಾಯಿತು ಎಂದು ಕೋರ್ಟು ಘೋಷಿಸುತ್ತದೆ.

ಫೋಟೊದಲ್ಲಿ ಮೂರು ಸಂಗತಿ ಹುಡುಕಿ: ಯಾವ ಕೋರ್ಟು, ಒ.ಎಸ್. ಎಂದು ಶುರುವಾಗುವ ದಾವೆಯ ನಂಬರು, ಹಾಜರಾಗಬೇಕಾದ ತಾರೀಖು. ಮೊಬೈಲಿನಲ್ಲಿ 'ಇ-ಕೋರ್ಟ್ಸ್ ಸರ್ವಿಸಸ್' ಆ್ಯಪ್ ಹಾಕಿಕೊಂಡು ಆ ನಂಬರು ಕೊಟ್ಟರೆ ಮುಂದಿನ ತಾರೀಖು ಕಾಣುತ್ತದೆ, ದುಡ್ಡು ಬೇಕಿಲ್ಲ. ಬೇರೆ ಓದುಗರಿಗೂ ಒಂದು ಮಾತು. ಈಚೆಗೆ ವಾಟ್ಸ್ಆ್ಯಪ್‌ನಲ್ಲಿ ಕೋರ್ಟಿನ ಮುದ್ರೆ ಹಾಕಿದ ನಕಲಿ ಸಮನ್ಸುಗಳು ಬರುತ್ತಿವೆ. ಅಸಲೋ ಅಲ್ಲವೋ ಎಂದು ಇದೇ ಆ್ಯಪಿನಲ್ಲೋ ಕೋರ್ಟಿನ ಕಚೇರಿಯಲ್ಲೋ ನೋಡಿಕೊಳ್ಳಿ. ಯಾವ ಸಿವಿಲ್ ಕೋರ್ಟೂ ಸಮನ್ಸಿನ ಜೊತೆ ಲಿಂಕ್ ಕಳಿಸಿ ದುಡ್ಡು ಕಟ್ಟಿ ಎನ್ನುವುದಿಲ್ಲ.

ಸಮನ್ಸು ಜಾರಿಯಾದ ದಿನದಿಂದ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು. ಕಾರಣ ಹೇಳಿ ಕೇಳಿಕೊಂಡರೆ ಕೋರ್ಟು 90 ದಿನದವರೆಗೆ ಬಿಡಬಹುದು. ಅದನ್ನೂ ಮೀರಿ ಸಮಯ ಸಿಕ್ಕ ಉದಾಹರಣೆಗಳಿವೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಾಗಿಲಿಗೆ ಅಂಟಿಸಿದ ದಿನವನ್ನೇ ಮೊದಲ ದಿನ ಎಂದುಕೊಂಡು ಎಣಿಸಿ. ಯಜಮಾನರು ಇದಕ್ಕಾಗಿ ಲೋಡು ಬಿಟ್ಟು ಓಡಿಬರಬೇಕಿಲ್ಲ. ವಕಾಲತ್ತಿಗೆ ಅವರ ಸಹಿ ಬೇಕು. ಈ ಸಲ ಬಂದಾಗ ಹಾಕಬಹುದು, ತಡವಾಗುವುದಾದರೆ ಅವರಿದ್ದಲ್ಲಿಗೆ ಕೊರಿಯರ್ ಮಾಡಿ ತರಿಸಿಕೊಳ್ಳಬಹುದು. ವಕೀಲರು ಹಾಜರಾಗಿ ದಾವಾಪತ್ರದ ನಕಲು ಕೇಳಿ ಪಡೆಯುತ್ತಾರೆ. ಖರ್ಚಿನ ಚಿಂತೆ ಇದ್ದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಹಾಗಾಗಿ ನಿಮ್ಮ ಅತ್ತೆಯವರಿಗೆ ಸಿಗುತ್ತದೆ. ಯಜಮಾನರಿಗೆ ಆದಾಯದ ಮಿತಿ ನೋಡುತ್ತಾರೆ. 15100ಕ್ಕೆ ಫೋನ್ ಮಾಡಿ ವಿಚಾರಿಸಿ.

ಅತ್ತೆಯವರಿಗೆ ಹೇಗೆ ಹೇಳುವುದು ಎಂದು ನೀವು ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಕಾನೂನು ಹೇಳಲು ಹೋಗಬೇಡಿ. "ತಗೊಂಡರೆ ಒಪ್ಪಿಕೊಂಡ ಹಾಗಲ್ಲವಂತೆ ಅತ್ತೆ, ಅದರಲ್ಲಿ ಏನು ಬರೆದಿದ್ದಾರೆ ಅಂತ ನೋಡೋಕೆ ಅಂತೆ" ಎಂದಷ್ಟೇ ಹೇಳಿ, ಮಿಕ್ಕದ್ದನ್ನು ಮಗನ ಬಾಯಿಂದಲೇ ಹೇಳಿಸಿ. ಸಹಿ ಹಾಕಿದರೆ ಜಮೀನು ಬರೆದುಕೊಟ್ಟಂತೆ ಎಂಬ ಹೆದರಿಕೆಯೇ ಇಷ್ಟಕ್ಕೆಲ್ಲ ಕಾರಣವೆಂದು ನನಗನಿಸುತ್ತದೆ. ಕಾಗದ ತಲುಪಿತು ಎಂಬುದಕ್ಕಿಂತ ಹೆಚ್ಚೇನನ್ನೂ ಆ ಸಹಿ ಹೇಳುವುದಿಲ್ಲ.

ನಾದಿನಿಗೆ ಫೋನ್ ಮಾಡಲು ಕಾನೂನಿನ ಅಡ್ಡಿಯಿಲ್ಲ. ಮಾಡುವ ಮೊದಲು ಒಂದು ವಿಷಯ ತಿಳಿದಿರಲಿ: 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ, ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಲೆಕ್ಕ ಬೇರೆ. ಮಾವನವರ ಪೆಟ್ಟಿಗೆಯಲ್ಲಿ ಅಂಥ ಪತ್ರವೇನಾದರೂ ಇದೆಯೇ ಎಂದು ಹುಡುಕಿಸಿ, ಸಿಕ್ಕಿದರೆ ವಕೀಲರಿಗೆ ಕೊಡಿ. ಅದಾದ ಮೇಲೆ ಫೋನ್ ಮಾಡಿ. ಜಮೀನಿನ ಮಾತು ಬೇಡ, "ಅಣ್ಣ ಊರಿಗೆ ಬಂದಾಗ ಕೂತು ಮಾತಾಡೋಣ" ಎನ್ನಿ. ಒಪ್ಪಿದರೆ ಮೊದಲ ತಾರೀಖಿನಂದೇ ಎರಡೂ ಕಡೆಯ ವಕೀಲರು ಸೇರಿ ಕೇಸನ್ನು ಮಧ್ಯಸ್ಥಿಕೆಗೆ ಕಳಿಸಿ ಎಂದು ಕೋರ್ಟನ್ನು ಕೇಳಬಹುದು. ಒಪ್ಪದಿದ್ದರೂ ಆ ತಾರೀಖಿಗೆ ನಿಮ್ಮ ಕಡೆಯವರು ಅಲ್ಲಿರಬೇಕು.